ಪೈಪ್ ಆರ್ಗನ್ ದೊಡ್ಡ ಹಾರ್ಮೋನಿಯಂ ಅಲ್ಲ, ಬೀಗ ಹಾಕಿಟ್ಟರೆ ಅದು ಉಳಿಯುವುದೂ ಇಲ್ಲ

ಬೀದರ್, ಭಾಲ್ಕಿ, ಔರಾದ ಕಡೆಯ ಚರ್ಚುಗಳಲ್ಲಿ ಹಾಡಿಗೆ ಜೊತೆಯಾಗುವುದು ಸಾಮಾನ್ಯವಾಗಿ ಹಾರ್ಮೋನಿಯಂ ಮತ್ತು ತಬಲಾ, ಈಗೀಗ ಕೀಬೋರ್ಡ್ ಕೂಡ. ಗೋಡೆಯೆತ್ತರಕ್ಕೆ ಲೋಹದ ಕೊಳವೆಗಳು ಸಾಲಾಗಿ ನಿಂತಿರುವ ಪೈಪ್ ಆರ್ಗನ್ ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಫೋನಿನ ಪರದೆಯಲ್ಲಿ ಮಾತ್ರ. ಹಾಗಾಗಿ ಅದರ ಫೋಟೊ ಬಂದಾಗ ಕೆಳಗೆ ಬರೆದ ಸಾಲನ್ನೇ ನಂಬಬೇಕಾಗುತ್ತದೆ. 'ಇದು ಹಾರ್ಮೋನಿಯಂನ ದೊಡ್ಡಣ್ಣ' ಎನ್ನುತ್ತದೆ ಒಂದು. 'ರಾತ್ರಿ ತಾನಾಗಿಯೇ ನುಡಿಯುತ್ತದೆ' ಎನ್ನುತ್ತದೆ ಇನ್ನೊಂದು. 'ಅಮೂಲ್ಯವಾದದ್ದು, ಯಾರೂ ಮುಟ್ಟಬಾರದು' ಎಂಬುದು ಮತ್ತೊಂದು. ಈ ಮೂರರಲ್ಲಿ ಕೊನೆಯದು ಕೇಳಲು ಒಳ್ಳೆಯ ಮಾತು. ವಾದ್ಯಕ್ಕೆ ಹೆಚ್ಚು ಹಾನಿ ಮಾಡುವುದೂ ಅದೇ.

ಕರ್ನಾಟಕದಲ್ಲಿ ಇಂಥ ವಾದ್ಯ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿರುವ ಪೈಪ್ ಆರ್ಗನ್ 1881ರದು. ಅದನ್ನು ತಯಾರಿಸಿದ್ದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಪೀಟರ್ ಕೊನಾಕರ್ ಕಂಪನಿ. ಚರ್ಚು ಅದಕ್ಕಿಂತ ಸ್ವಲ್ಪ ಹಳೆಯದು: 1864ರಲ್ಲಿ ಅಡಿಗಲ್ಲು ಹಾಕಿ 1866ರಲ್ಲಿ ತೆರೆದದ್ದು. ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ವಿನ್ಯಾಸ. ಇಸವಿಯನ್ನು ಸ್ವಲ್ಪ ಗಮನಿಸಿ. 1881ರಲ್ಲೇ ಬ್ರಿಟಿಷರು ಮೈಸೂರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದ್ದು. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ. ಅಂದರೆ ಮೊದಲ 24 ವರ್ಷ ಈ ವಾದ್ಯಕ್ಕೆ ಗಾಳಿ ತುಂಬಲು ಮೋಟಾರಿಗೆ ಕರೆಂಟೇ ಇರಲಿಲ್ಲ. ಆ ಕಾಲದ ಆರ್ಗನ್‌ಗಳಲ್ಲಿ ಒಬ್ಬರು ನುಡಿಸುತ್ತಿದ್ದರೆ ಇನ್ನೊಬ್ಬರು ಪಕ್ಕದಲ್ಲೋ ಹಿಂದೆಯೋ ನಿಂತು ಸನ್ನೆಗೋಲಿನಂಥ ಹಿಡಿಕೆ ಒತ್ತಿ ತಿದಿ ಊದುವುದು ರೂಢಿ. ಹಾಡು ಮುಗಿದ ಮೇಲೆ ಚಪ್ಪಾಳೆ ಯಾರಿಗೆ ಸಿಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಹಾರ್ಮೋನಿಯಂಗೂ ಇದಕ್ಕೂ ಏನು ವ್ಯತ್ಯಾಸ?

ಹೊರಗಿನಿಂದ ನೋಡಿದರೆ ಎರಡಕ್ಕೂ ಕಪ್ಪು ಬಿಳಿ ಮನೆಗಳಿವೆ, ಎರಡಕ್ಕೂ ತಿದಿ ಇದೆ. ಒಳಗೆ ಬೇರೆ ಬೇರೆ. ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆಯ ಸಣ್ಣ ಪಟ್ಟಿಯನ್ನು ಅದುರಿಸುತ್ತದೆ. ಆ ಪಟ್ಟಿ ಎಷ್ಟು ಉದ್ದ, ಎಷ್ಟು ದಪ್ಪ ಎಂಬುದರ ಮೇಲೆ ಸ್ವರ. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಅದುರುವ ಪಟ್ಟಿಯೇ ಇಲ್ಲ. ಗಾಳಿ ಕೊಳವೆಯ ಬಾಯಿಯ ಅಂಚಿಗೆ ಬಡಿದು, ಒಳಗಿರುವ ಗಾಳಿಯ ಕಂಬವೇ ಅದುರುತ್ತದೆ. ನಮ್ಮ ಕೊಳಲಿನ ಕೆಲಸವೇ ಇದು. ಹಾಗಾಗಿ ಹೋಲಿಸಲೇಬೇಕಿದ್ದರೆ ಪೈಪ್ ಆರ್ಗನ್ ಎಂದರೆ ನೂರಾರು, ಕೆಲವು ಕಡೆ ಸಾವಿರಾರು ಕೊಳಲುಗಳ ಗುಂಪು. ಒಂದೊಂದು ಕೊಳಲಿಗೆ ಒಂದೇ ಸ್ವರ. ನಾಲಿಗೆಯಂಥ ಲೋಹದ ಪಟ್ಟಿಯಿರುವ ಕೊಳವೆಗಳೂ ಕೆಲವಿರುತ್ತವೆ. ತುತ್ತೂರಿಯಂಥ ಗಡುಸು ದನಿ ಬರುವುದು ಅವುಗಳಿಂದ.

ವಯಸ್ಸಿನಲ್ಲಿಯೂ ಇವೆರಡು ಬಹಳ ದೂರ. ಕೊಳವೆಯ ಆರ್ಗನ್ ಕ್ರಿಸ್ತಪೂರ್ವ 3ನೇ ಶತಮಾನದ್ದು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಕ್ಟೆಸಿಬಿಯಸ್ ಎಂಬ ತಂತ್ರಜ್ಞ ನೀರಿನ ಭಾರದಿಂದ ಗಾಳಿಯ ಒತ್ತಡ ಕಾಯುವ ಆರ್ಗನ್ ಮಾಡಿದ. ಹಾರ್ಮೋನಿಯಂಗೆ ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೆಯ್ನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅದು ಕಾಲಿನಿಂದ ತುಳಿಯುವ ವಾದ್ಯ. ಕಂಪನಿ ನಾಟಕ ನೋಡಿದ ಹಿರಿಯರಿಗೆ ಲೆಗ್ ಹಾರ್ಮೋನಿಯಂ ಎಂದರೆ ಗೊತ್ತಾಗುತ್ತದೆ. ಕೈಯಲ್ಲಿ ತಿದಿ ಒತ್ತುವ ಇಂದಿನ ಪೇಟಿಯ ರೂಪ ಬಂದದ್ದು ಕೋಲ್ಕತ್ತದಲ್ಲಿ, ದ್ವಾರಕಾನಾಥ್ ಘೋಷ್ ಅವರ ಕೈಯಲ್ಲಿ. ಇಷ್ಟು ನಮ್ಮದಾದ ಪೇಟಿಯನ್ನೂ ಆಕಾಶವಾಣಿ 1940ರಿಂದ 1971ರವರೆಗೆ ದೂರ ಇಟ್ಟಿತ್ತು, ಇದು ವಿದೇಶಿ, ಇದರಲ್ಲಿ ಗಮಕ ಬರುವುದಿಲ್ಲ ಎಂದು.

ಇದು ಹುಟ್ಟಿನಿಂದಲೇ ಚರ್ಚಿನ ವಾದ್ಯವೇ?

ಅಲ್ಲ. ರೋಮನ್ನರ ಕಾಲದಲ್ಲಿ ಇದು ಕ್ರೀಡಾಂಗಣ, ಔತಣಗಳ ವಾದ್ಯ. ಹಂಗೇರಿಯ ಬುಡಾಪೆಸ್ಟ್ ಬಳಿಯ ಅಕ್ವಿಂಕಮ್‌ನಲ್ಲಿ 1931ರಲ್ಲಿ ನೆಲ ಅಗೆದಾಗ ಕ್ರಿ.ಶ. 228ರ ಇಸವಿ ಸೂಚಿಸುವ ಫಲಕದೊಂದಿಗೆ ಒಂದು ಆರ್ಗನ್ನಿನ ಅವಶೇಷ ಸಿಕ್ಕಿತು. ಅದು ಸಿಕ್ಕ ಕಟ್ಟಡ ಬಟ್ಟೆ ವ್ಯಾಪಾರಿಗಳ ಸಂಘದ್ದು. ಊರಿನ ಬೆಂಕಿ ಆರಿಸುವ ಕೆಲಸವೂ ಆ ಸಂಘದ್ದೇ ಆಗಿತ್ತು. ವಿಚಿತ್ರವೆಂದರೆ ಆ ಕಟ್ಟಡವೇ ಬೆಂಕಿಗೆ ಸಿಕ್ಕಿತ್ತು.

ಚರ್ಚು ಆರ್ಗನ್ನನ್ನು ಒಪ್ಪಿಕೊಂಡದ್ದು ಆಮೇಲೆ, ಅದೂ ಎಲ್ಲ ಚರ್ಚುಗಳಲ್ಲ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಇಂದಿಗೂ ಬಹುತೇಕ ವಾದ್ಯವಿಲ್ಲದ ಹಾಡು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿಯೂ ಹಾಗೆಯೇ ಇತ್ತು. 1860ರ ದಶಕದಲ್ಲಿ ಎಡಿನ್‌ಬರೊದ ಗ್ರೇಫ್ರಯರ್ಸ್ ಚರ್ಚಿನಲ್ಲಿ ರಾಬರ್ಟ್ ಲೀ ಎಂಬ ಪಾದ್ರಿ ಮೊದಲು ಹಾರ್ಮೋನಿಯಂ, ಆಮೇಲೆ ಆರ್ಗನ್ ತಂದಾಗ ದೊಡ್ಡ ಜಗಳವೇ ಆಯಿತು. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಕಟ್ಟಿಸಿಕೊಂಡವರು ಅದೇ ಸ್ಕಾಟಿಷ್ ಪರಂಪರೆಯವರು. ಆದ್ದರಿಂದ 1881ರ ಈ ವಾದ್ಯವನ್ನು 'ಅನಾದಿ ಕಾಲದ ಚರ್ಚ್ ಸಂಪ್ರದಾಯ' ಎಂದು ಹೇಳುವುದು ತಪ್ಪು. ಆ ಸಭೆಯವರ ಪಾಲಿಗೆ ಅದು ಹೊಸತರಲ್ಲಿ ಹೊಸತು. ನನಗೆ ಈ ವಾದ್ಯದ ಕತೆಯಲ್ಲಿ ತುಂಬ ಹಿಡಿಸಿದ ಸಂಗತಿ ಇದು.

ಅಷ್ಟು ದೊಡ್ಡ ದನಿಗೆ ಎಷ್ಟು ಗಾಳಿ ಬೇಕು?

ಕಟ್ಟಡವೇ ನಡುಗುವಂಥ ದನಿ ಬರುವುದರಿಂದ ಒಳಗೆ ಟ್ರಕ್ಕಿನ ಟಯರಿನಷ್ಟು ಒತ್ತಡ ಇರಬೇಕು ಎಂದು ಅನ್ನಿಸುತ್ತದೆ. ನಿಜವಾಗಿ ಬಹುತೇಕ ಚರ್ಚ್ ಆರ್ಗನ್‌ಗಳ ಗಾಳಿಯ ಒತ್ತಡ ನೀರನ್ನು ಮೂರು ನಾಲ್ಕು ಇಂಚು ಮೇಲೆತ್ತುವಷ್ಟು. ಎಳನೀರಿಗೆ ಹಾಕಿದ ಸ್ಟ್ರಾದಲ್ಲಿ ನೀರನ್ನು ಅಷ್ಟು ಎತ್ತರಕ್ಕೆ ಎಳೆಯಲು ಮಗುವಿಗೂ ಕಷ್ಟವಿಲ್ಲ. ಬೇಕಾಗುವುದು ಒತ್ತಡವಲ್ಲ, ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಗಾಳಿ. ಅದಕ್ಕೆ ಚರ್ಮ ಹೊದಿಸಿದ ಮರದ ದೊಡ್ಡ ತಿದಿ ಇರುತ್ತದೆ, ಮೇಲೆ ಭಾರ ಹೇರಿರುತ್ತಾರೆ. ಅದರಿಂದ ಗಾಳಿ ಮರದ ಪೆಟ್ಟಿಗೆಗೆ ಬರುತ್ತದೆ. ನೀವು ಒಂದು ಮನೆ ಒತ್ತಿದಾಗ ಸಣ್ಣದೊಂದು ಮುಚ್ಚಳ ತೆರೆದು, ಆ ಸ್ವರದ ಕೊಳವೆಗೆ ಗಾಳಿ ಹೋಗುತ್ತದೆ. ಯಾವ ಸಾಲಿನ ಕೊಳವೆಗಳು ನುಡಿಯಬೇಕೆಂದು ಆರಿಸಲು ಪಕ್ಕದಲ್ಲಿ ಎಳೆಯುವ ಗುಂಡಿಗಳಿರುತ್ತವೆ.

ಇಷ್ಟು ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವುದರಿಂದಲೇ ಸಣ್ಣ ಸೋರಿಕೆಯೂ ದೊಡ್ಡ ತೊಂದರೆ. ಚರ್ಮದಲ್ಲಿ ಇಲಿ ಮಾಡಿದ ಒಂದು ತೂತು ಸಾಕು, ನಾಲ್ಕು ಸ್ವರ ಒಟ್ಟಿಗೆ ಒತ್ತಿದಾಗ ದನಿ ಕುಸಿಯುತ್ತದೆ.

ಇನ್ನು ಉದ್ದ. ತೆರೆದ ಕೊಳವೆ 8 ಅಡಿ ಇದ್ದರೆ ಸೆಕೆಂಡಿಗೆ ಸುಮಾರು 65 ಕಂಪನದ ಮಂದ್ರ ಸ್ವರ. ಉದ್ದ ಎರಡರಷ್ಟಾದರೆ ಕಂಪನ ಅರ್ಧ: 16 ಅಡಿಗೆ ಸುಮಾರು 33, 32 ಅಡಿಗೆ ಸುಮಾರು 16. ಮನುಷ್ಯರ ಕಿವಿಗೆ ಸುಮಾರು 20ಕ್ಕಿಂತ ಕೆಳಗಿನದು ಸ್ವರವಾಗಿ ಕೇಳಿಸುವುದಿಲ್ಲ, ಎದೆಯಲ್ಲಿ ನಡುಕವಾಗಿ ಗೊತ್ತಾಗುತ್ತದೆ. ಅತಿ ಚಿಕ್ಕ ಕೊಳವೆ ಪೆನ್ಸಿಲಿನಷ್ಟು. ಜಾಗ ಕಡಿಮೆಯಿದ್ದರೆ ಕೊಳವೆಯ ತುದಿ ಮುಚ್ಚಿಬಿಡುತ್ತಾರೆ. ಆಗ ಅರ್ಧ ಉದ್ದದಲ್ಲೇ ಅದೇ ಸ್ವರ ಸಿಗುತ್ತದೆ, ದನಿ ಮಾತ್ರ ಸ್ವಲ್ಪ ಮೆತ್ತಗೆ. ಫೋಟೊದಲ್ಲಿ ಮುಂದೆ ಕಾಣುವ ಹೊಳೆಯುವ ಸಾಲನ್ನು ಎಣಿಸಿ ಆರ್ಗನ್ನಿನ ಗಾತ್ರ ಹೇಳಲು ಬರುವುದಿಲ್ಲ. ಹೆಚ್ಚಿನ ಕೊಳವೆಗಳು ಅದರ ಹಿಂದೆ ಇರುತ್ತವೆ, ಮುಂದಿನ ಕೆಲವು ಬರೀ ಅಲಂಕಾರಕ್ಕೂ ಇರಬಹುದು.

ಕೊಳವೆಗಳ ಲೋಹ ತವರ ಮತ್ತು ಸೀಸದ ಮಿಶ್ರಣ. ದೊಡ್ಡ ಮಂದ್ರ ಕೊಳವೆಗಳಿಗೆ 19ನೇ ಶತಮಾನದಲ್ಲಿ ಸತುವಿನ ಬಳಕೆ ಬಂತು, ಮರದವೂ ಇರುತ್ತವೆ. ಬೀದರಿನವರಿಗೆ ಸತು ಹೊಸದಲ್ಲ. ಬಿದ್ರಿ ಪಾತ್ರೆಯ ಬಹುಪಾಲು ಲೋಹ ಅದೇ, ಜೊತೆಗೆ ಸ್ವಲ್ಪ ತಾಮ್ರ.

ತಾನಾಗಿಯೇ ನುಡಿಯುತ್ತದೆಯೇ?

ನುಡಿಯುತ್ತದೆ! ಆದರೆ ದೆವ್ವ ಬೇಡ. ಮನೆ ಒತ್ತಿ ಬಿಟ್ಟ ಮೇಲೂ ಒಳಗಿನ ಮುಚ್ಚಳ ಸರಿಯಾಗಿ ಕೂರದೆ ಹೋದರೆ ಆ ಸ್ವರ ನಿಲ್ಲುವುದೇ ಇಲ್ಲ. ಒಂದು ಚೂರು ಕಸ, ಮಳೆಗಾಲದಲ್ಲಿ ಉಬ್ಬಿದ ಮರ, ಸವೆದ ಚರ್ಮ, ಸೋತ ಸ್ಪ್ರಿಂಗು ಇಷ್ಟು ಸಾಕು. ಬೇಸಿಗೆಯಲ್ಲಿ ಗಾಳಿಪೆಟ್ಟಿಗೆಯ ಮರ ಸೀಳಿದರೆ ಪಕ್ಕದ ಕೊಳವೆಗೆ ಗಾಳಿ ಸೋರಿ ಅದೂ ಸಣ್ಣಗೆ ಗುನುಗುತ್ತದೆ. ಆದರೆ ಗಾಳಿ ಇದ್ದರೆ ಮಾತ್ರ. ಮೋಟಾರು ಆರಿಸಿ, ತಿದಿ ಖಾಲಿಯಾದ ಮೇಲೆ ಪೂರ್ತಿ ಮೌನ. 'ಬಾಗಿಲು ಮುಚ್ಚಿದ ಚರ್ಚಿನಲ್ಲಿ ರಾತ್ರಿ ಆರ್ಗನ್' ಎಂಬ ವಿಡಿಯೊ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಮೋಟಾರು ಚಾಲೂ ಇತ್ತೇ?

ಇದಕ್ಕೆ ಹೊಂದಿಕೊಂಡ ಇನ್ನೊಂದು ನಂಬಿಕೆಯಿದೆ, ಆರ್ಗನ್ನಿನ ಕೇಳಿಸದ ದನಿ ಜನರಲ್ಲಿ ಭಯಭಕ್ತಿ ಹುಟ್ಟಿಸುತ್ತದೆ ಎಂಬುದು. 2003ರಲ್ಲಿ ಲಂಡನ್ನಿನ ಒಂದು ಸಂಗೀತ ಕಛೇರಿಯಲ್ಲಿ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು ಸುಮಾರು 17 ಹರ್ಟ್ಸ್‌ನ ದನಿಯನ್ನು ಕೆಲವು ಹಾಡುಗಳೊಳಗೆ ಸೇರಿಸಿ ನೋಡಿದರು. ಸುಮಾರು ಶೇ. 22ರಷ್ಟು ಜನ ಅಂಥ ಹಾಡುಗಳಲ್ಲಿ ಮೈ ಜುಮ್ಮೆನ್ನುವುದು, ಕಾರಣವಿಲ್ಲದ ಕಳವಳ ಮುಂತಾದ್ದನ್ನು ಹೇಳಿದರು. ಕುತೂಹಲದ ಸಂಗತಿ, ನಿಜ. ಆದರೆ ಅದು ಆರ್ಗನ್ ಅಲ್ಲ, ಸ್ಪೀಕರ್ ಜೋಡಿಸಿದ ಉದ್ದನೆಯ ಪೈಪು. ಒಂದು ಸಂಜೆಯ ಪ್ರಯೋಗದಿಂದ ಶತಮಾನಗಳ ಭಕ್ತಿಯನ್ನು ವಿವರಿಸಲು ಹೊರಡುವುದು ಅತಿಯಾಯಿತು.

ಹಾಗಾದರೆ ಹಾಳಾಗುವುದು ಯಾವುದರಿಂದ?

ಮೊದಲು ಹವೆ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ ಓಡುತ್ತದೆ, ಆದ್ದರಿಂದ ಕೊಳವೆಯ ಶ್ರುತಿ ಏರುತ್ತದೆ. ಇಂಥ ವಾದ್ಯ ಬೀದರಿನಲ್ಲಿ ಇದೆ ಎಂದುಕೊಳ್ಳಿ. ಚಳಿಗಾಲದ ಬೆಳಗ್ಗೆ 15 ಡಿಗ್ರಿಯಲ್ಲಿ ಶ್ರುತಿ ಮಾಡಿ, ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ ನುಡಿಸಿದರೆ ಶ್ರುತಿ ಸುಮಾರು ಶೇ. 4ರಷ್ಟು ಮೇಲೆ ಹೋಗಿರುತ್ತದೆ. ಪೇಟಿಯ ಲೆಕ್ಕದಲ್ಲಿ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ಮುಕ್ಕಾಲು ಪಾಲು. ಎಲ್ಲ ಕೊಳವೆಗಳೂ ಒಟ್ಟಿಗೆ ಏರಿದ್ದರೆ ಹಾಡುವವರು ಹೊಂದಿಕೊಳ್ಳಬಹುದಿತ್ತು. ಲೋಹದ ನಾಲಿಗೆಯಿರುವ ಕೊಳವೆಗಳು ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಎರಡು ಗುಂಪು ಎರಡು ಶ್ರುತಿಯಲ್ಲಿ ಕೂಗುತ್ತವೆ. ಶ್ರುತಿ ಮಾಡುವವರು ಕೊಳವೆಯನ್ನು ಕೈಯಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂಗೈಯ ಬಿಸಿಯೇ ಸ್ವರವನ್ನು ಕದಲಿಸುತ್ತದೆ. ಹವೆಗಿಂತ ಕೆಟ್ಟದ್ದು ಹವೆಯ ದಿಢೀರ್ ಬದಲಾವಣೆ. ಭಾನುವಾರ ಎರಡು ಗಂಟೆ ಎ.ಸಿ. ಹಾಕಿ ಆರಿಸುವುದಕ್ಕಿಂತ ಕಿಟಕಿ ತೆರೆದಿಡುವುದು ಮರಕ್ಕೆ ಹಿತ.

ಆಮೇಲೆ ಗೆದ್ದಲು, ಇಲಿ, ಧೂಳು. ಇಂಗ್ಲೆಂಡಿನ ಕುಶಲಕರ್ಮಿಗಳಿಗೆ ಇದು ಗೊತ್ತಿತ್ತು. ಬಿಸಿಲು ನಾಡಿಗೆ ಕಳಿಸುವ ವಾದ್ಯಗಳಿಗೆ ತೇಗ ಬಳಸುವುದು, ಬರೀ ಅಂಟನ್ನು ನಂಬದೆ ಸ್ಕ್ರೂ ಹಾಕುವುದು ಅವರ ರೂಢಿಯಾಗಿತ್ತು. ಯಾಕೆಂದರೆ ಪ್ರಾಣಿಜನ್ಯ ಅಂಟು ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ.

'ತವರದ ರೋಗ' ಎಂಬುದರ ಬಗ್ಗೆಯೂ ಆಗಾಗ ಓದಲು ಸಿಗುತ್ತದೆ. ತವರ 13 ಡಿಗ್ರಿಗಿಂತ ತಣ್ಣಗಾದರೆ ನಿಧಾನವಾಗಿ ಬೂದು ಪುಡಿಯಾಗಬಲ್ಲದು ಎಂಬುದು ರಸಾಯನಶಾಸ್ತ್ರದ ಮಟ್ಟಿಗೆ ಸರಿ. ಆದರೆ ಅದು ಕಾಡುವುದು ಶುದ್ಧ ತವರವನ್ನು, ಅದೂ ಕಡು ಚಳಿಯಲ್ಲಿ. ಸೀಸ ಬೆರೆತ ಕೊಳವೆ ಕರ್ನಾಟಕದ ಹವೆಯಲ್ಲಿ ಈ ರೋಗಕ್ಕೆ ಹೆದರಬೇಕಿಲ್ಲ. ನಿಜವಾದ ಕಾಟ ಸೀಸದ ತುಕ್ಕು. ಜರ್ಮನಿಯ ಲೂಬೆಕ್‌ನ ಸೇಂಟ್ ಯಾಕೋಬಿ ಚರ್ಚಿನ ಹಳೆಯ ಆರ್ಗನ್ನಿನಲ್ಲಿ ಇದನ್ನು ವಿಜ್ಞಾನಿಗಳು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಓಕ್ ಮರದಿಂದ ಹೊರಡುವ ವಿನೆಗರ್ ಆಮ್ಲದ ಆವಿ ಗಾಳಿಯ ಜೊತೆ ಕೊಳವೆಯ ಬುಡಕ್ಕೆ ಹೋಗಿ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಆ ಪುಡಿ ವಿಷ. ಹಳೆಯ ಕೊಳವೆಯ ಮೇಲೆ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಒರೆಸಬಾರದು, ಊದಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಒಳ್ಳೆಯ ಮನಸ್ಸಿನ ರಿಪೇರಿ. ಹಬ್ಬಕ್ಕೆ ಮುಂಚೆ ಹೊಳೆಯಲೆಂದು ಕೊಳವೆಗಳನ್ನು ಉಜ್ಜುವುದು. ಕೊಳವೆಯ ಬಾಯಿ ಹೆಬ್ಬೆರಳಿನ ಒತ್ತಡಕ್ಕೂ ಬಾಗುವಷ್ಟು ಮೃದು, ಬಾಗಿದರೆ ದನಿಯೇ ಬೇರೆ. ಸೋರುವ ಚರ್ಮಕ್ಕೆ ಪ್ಲಾಸ್ಟಿಕ್ ಟೇಪು. ಬಿಚ್ಚಿದ ಜೋಡಣೆಗೆ ಬಡಗಿಯ ಬಿಳಿ ಅಂಟು. ಹಳೆಯ ಅಂಟನ್ನು ಮುಂದಿನ ತಲೆಮಾರಿನವರು ಬಿಸಿ ನೀರಿನಿಂದ ಬಿಡಿಸಿ ಮತ್ತೆ ಕೂರಿಸಬಹುದು. ಬಿಳಿ ಅಂಟು ಒಣಗಿದ ಮೇಲೆ ಮರ ಸೀಳದೆ ಬಿಡುವುದಿಲ್ಲ. ಸಂರಕ್ಷಣೆಯ ತಜ್ಞರು ಮೊದಲು ಮಾಡುವ ಕೆಲಸ ರಿಪೇರಿಯಲ್ಲ: ಪ್ರತಿ ಕೊಳವೆಯ ಅಳತೆ, ಗುರುತು, ಫೋಟೊ, ಈಗಿರುವ ಗಾಳಿಯ ಒತ್ತಡ ಎಲ್ಲವನ್ನೂ ಬರೆದಿಡುವುದು. ಕೊಳವೆಗಳ ಸಾಲು ಒಮ್ಮೆ ಕಲಸಿಹೋದರೆ ಹಿಂದಿರುಗಿಸುವುದು ಬಹಳ ಕಷ್ಟ.

ಬೀಗ ಹಾಕಿಟ್ಟರೆ ಸುರಕ್ಷಿತವಲ್ಲವೇ?

ಸುರಕ್ಷಿತವಲ್ಲ. ವಾರಕ್ಕೊಮ್ಮೆಯಾದರೂ ಗಾಳಿ ತುಂಬಿ ನುಡಿಸಿದರೆ ತಿದಿಯ ಚರ್ಮ ಮಡಿಸಿ ಬಿಚ್ಚಿ ಮೃದುವಾಗಿರುತ್ತದೆ, ಮುಚ್ಚಳಗಳು ಆಡುತ್ತವೆ, ಇಲಿ ಗೂಡು ಕಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸ್ವರ ಕೆಟ್ಟಿತು ಎಂದು ಆ ವಾರವೇ ಗೊತ್ತಾಗುತ್ತದೆ. ನೌಬಾದದ ಕರೇಜ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಹಮನಿಗಳ ಕಾಲದ ಆ ಸುರಂಗ ಕಾಲುವೆ ಉಳಿಯುವುದು ಹೂಳು ತೆಗೆದು ನೀರು ಹರಿದರೆ. ಬಾಯಿ ಮುಚ್ಚಿದರೆ ಅದು ಬರೀ ಗುಂಡಿ.

ಸ್ವಿಟ್ಜರ್ಲೆಂಡಿನ ಸಿಯೋನ್ ಊರಿನ ವಲೇರ್ ಚರ್ಚಿನಲ್ಲಿ 15ನೇ ಶತಮಾನದ ಆರ್ಗನ್ ಇಂದಿಗೂ ನುಡಿಯುತ್ತದೆ. ಹಾಗಿರುವಾಗ 1881ರ ವಾದ್ಯಕ್ಕೆ ವಯಸ್ಸಾಯಿತು ಎನ್ನುವುದು ನೆಪ. ನಿಜವಾದ ಕೊರತೆ ಕೈಗಳದ್ದು. ಭಾರತದಲ್ಲಿ ಇದನ್ನು ಶ್ರುತಿ ಮಾಡಬಲ್ಲವರು, ತಿದಿಗೆ ಹೊಸ ಚರ್ಮ ಕೂರಿಸಬಲ್ಲವರು ತೀರಾ ಕಡಿಮೆ. ನುಡಿಸುವವರೂ ಕಡಿಮೆಯಾಗುತ್ತಿದ್ದಾರೆ, ಯಾಕೆಂದರೆ ಎರಡು ಕೈಯ ಜೊತೆ ಪಾದಗಳಿಗೂ ಪ್ರತ್ಯೇಕ ಮನೆಗಳಿರುವ ವಾದ್ಯ ಇದು, ಅಭ್ಯಾಸಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಜರ್ಮನಿಯ ಆರ್ಗನ್ ತಯಾರಿಕೆ ಮತ್ತು ಸಂಗೀತವನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಹೋದದ್ದು ಯಾವುದೋ ಒಂದು ವಾದ್ಯವಲ್ಲ, ಮಾಡುವ ಮತ್ತು ನುಡಿಸುವ ವಿದ್ಯೆ.

ಎಲೆಕ್ಟ್ರಾನಿಕ್ ಆರ್ಗನ್ ಕೊಳ್ಳುವ ಚರ್ಚುಗಳನ್ನು ಆಡಿಕೊಳ್ಳುವುದು ಸರಿಯಲ್ಲ. ಖರ್ಚು ಕಡಿಮೆ, ಶ್ರುತಿ ತಪ್ಪುವುದಿಲ್ಲ. ಹಳೆಯ ಆರ್ಗನ್ನಿನ ಒಂದೊಂದು ಕೊಳವೆಯನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ನುಡಿಸುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯ ದಾಖಲೆ ಅದು. ಆದರೆ ಅದನ್ನು ನೆಪ ಮಾಡಿ ಕೊಳವೆಗಳನ್ನು ಗುಜರಿಗೆ ಹಾಕಿದರೆ ಮತ್ತೆ ಬರುವುದಿಲ್ಲ.

ಪ್ಯಾರಿಸ್ ಆರ್ಗನ್ ಸುಟ್ಟುಹೋಯಿತೇ?

2019ರ ಏಪ್ರಿಲ್ 15ರಂದು ನಾತ್ರ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ ಅದರ ದೊಡ್ಡ ಆರ್ಗನ್ ಬೂದಿಯಾಯಿತು ಎಂಬ ಮಾತೂ ಹರಡಿತ್ತು. ಅದು ಸುಡಲಿಲ್ಲ. ಚಾವಣಿಯ ಸೀಸ ಕರಗಿ ಎದ್ದ ಧೂಳು ಸುಮಾರು 8,000 ಕೊಳವೆಗಳ ಮೇಲೆ ಕೂತಿತ್ತು. 2020ರಲ್ಲಿ ವಾದ್ಯವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಒಂದೊಂದೇ ಕೊಳವೆಯ ದನಿ ಹೊಂದಿಸಿದರು. 2024ರ ಡಿಸೆಂಬರಿನಲ್ಲಿ ಚರ್ಚು ತೆರೆದಾಗ ಅದು ನುಡಿಯಿತು. ನಿಜವಾಗಿ ಬೆಂಕಿಗೆ ಹೋದದ್ದು ಫ್ರಾನ್ಸಿನದೇ ನಾಂತ್ ನಗರದ ಕೆಥೆಡ್ರಲ್ಲಿನ ದೊಡ್ಡ ಆರ್ಗನ್, 2020ರ ಜುಲೈನಲ್ಲಿ. ಎರಡೂ ಸುದ್ದಿ ಇಂದಿಗೂ ಒಂದರ ಫೋಟೊಗೆ ಇನ್ನೊಂದರ ಹೆಸರು ಹಾಕಿಕೊಂಡು ಓಡಾಡುತ್ತವೆ.

'ಇಡೀ ದೇಶದಲ್ಲಿ ಏಕೈಕ ಪೈಪ್ ಆರ್ಗನ್' ಎಂಬ ಸಂದೇಶ ಯಾವ ಊರಿನ ಹೆಸರಲ್ಲಿ ಬಂದರೂ ಸುಳ್ಳು. ಬೆಂಗಳೂರಷ್ಟೇ ಅಲ್ಲ, ಕೋಲ್ಕತ್ತದ ಸೇಂಟ್ ಪಾಲ್ಸ್, ಶಿಮ್ಲಾದ ಕ್ರೈಸ್ಟ್ ಚರ್ಚ್ ಮುಂತಾದ ಕಡೆಗಳಲ್ಲಿಯೂ ಇವೆ. '639 ವರ್ಷ ನಡೆಯುವ ಹಾಡು' ಎಂಬುದು ಮಾತ್ರ ನಿಜ. ಜರ್ಮನಿಯ ಹಾಲ್ಬರ್‌ಷ್ಟಾಟ್‌ನಲ್ಲಿ ಜಾನ್ ಕೇಜ್ ಅವರ ರಚನೆಯೊಂದು 2001ರಲ್ಲಿ ಆರಂಭವಾಗಿ 2640ಕ್ಕೆ ಮುಗಿಯಬೇಕಿದೆ. ಮನೆಗಳನ್ನು ಒತ್ತಿ ಹಿಡಿಯಲು ಮರಳಿನ ಚೀಲ ಕಟ್ಟಿದ್ದಾರೆ. 2024ರ ಫೆಬ್ರುವರಿ 5ರಂದು ಸ್ವರ ಬದಲಾದಾಗ ಜನ ದೂರದ ಊರುಗಳಿಂದ ಬಂದು ಕೇಳಿಹೋದರು.

ಇನ್ನು ಇಂಥ ವಿಡಿಯೊ ಕೇಳುವ ಬಗ್ಗೆ ಒಂದು ಮಾತು. ಫೋನಿನ ಪುಟ್ಟ ಸ್ಪೀಕರಿನಿಂದ 33 ಅಥವಾ 65 ಹರ್ಟ್ಸ್‌ನ ದನಿ ಹೊರಬರುವುದೇ ಇಲ್ಲ. ಮೇಲಿನ ಸ್ವರಗಳು ಮಾತ್ರ ಚೀರಿದಂತೆ ಕೇಳಿಸಿ, 'ಇದೇನು ಮಹಾ' ಅನ್ನಿಸುತ್ತದೆ. ಒಳ್ಳೆಯ ಇಯರ್‌ಫೋನ್ ಹಾಕಿದರೆ ಅರ್ಧದಷ್ಟು ಸಿಗುತ್ತದೆ. ಉಳಿದದ್ದು ಚರ್ಚಿನ ಬೆಂಚಿನ ಮೇಲೆ ಕೂತಾಗ ಕಾಲಡಿಯ ನೆಲದಿಂದ ಬರುತ್ತದೆ.